ಪಟ್ಟೆ ಸೀರೆಯವಳ ಕೋವಿ

ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ಆ ಬೆಳಿಗ್ಗೆ ಮಳೆ ಹೇಳದೆ ಕೇಳದೆ ನಿಂತುಬಿಟ್ಟಿತ್ತು. ನಾಟಿ ಮುಗಿದ ಗದ್ದೆಗಳ ಮೇಲಿಂದ ಮಂಜು ಎದ್ದು ಹೋಗಿ, ಬೇಲಿಯ ಕೋವಿಹೂಗಳು ಬಿಸಿಲಿಗೆ ಕೆಂಡದಂತೆ ಹೊಳೆಯುತ್ತಿದ್ದವು. ಪೂವಮ್ಮ ತೂಗುದೀಪಕ್ಕೆ ಎಣ್ಣೆ ಹೊಯ್ದು, ಕಾವೇರಮ್ಮನಿಗೆ ಕೈಮುಗಿದು, ಬುಟ್ಟಿ ತುಂಬ ಆ ಹೂ ಬಿಡಿಸಿ ತಂದಳು.

ಬಿತ್ತನೆಯಾದಂದಿನಿಂದ ದೇವರ ಮುಂದೆ ಮಲಗಿದ್ದ ಕೋವಿಗಳು ಇವತ್ತು ಏಳಬೇಕು. ಚಂದನ ಹಚ್ಚಿ, ನಳಿಗೆಗೆ ಹೂ ಸಿಕ್ಕಿಸಿ, ಮನೆಯ ಹಿರಿಯ ಅವರವರ ಕೋವಿಯನ್ನು ಅವರವರ ಕೈಗೆ ಕೊಡುತ್ತಾನೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಗಲಾಟೆ, ಕಡುಬು, ಹಂದಿ ಸಾರು. ಆ ಕೋವಿಗಳಲ್ಲಿ ಒಂದು ಪೂವಮ್ಮನದು. ಇಪ್ಪತ್ತು ವರ್ಷದಿಂದ ಅದನ್ನು ಅಣ್ಣ ಮೊಣ್ಣಪ್ಪ ತಾನೇ ಎತ್ತಿಕೊಳ್ಳುತ್ತಿದ್ದ. ಅವಳು ಪ್ರತಿ ವರ್ಷ ಹೂ ಬಿಡಿಸುತ್ತಿದ್ದಳು, ಬಾಗಿಲ ಮರೆಯಲ್ಲಿ ನಿಂತು ಕಾಯುತ್ತಿದ್ದಳು.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. 'ಕಾನನ' ಎಂಬ ಹೆಸರಿನಲ್ಲಿ ಬರುತ್ತಿದ್ದ 'ಪಟ್ಟೆ ಸೀರೆಯವಳು' ಮಾಲೆಯ ಮೂರು ಪುಸ್ತಕಗಳು ಮಡಿಕೇರಿಯ ಹುಡುಗಿಯರ ದಿಂಬಿನಡಿಯಲ್ಲಿ ಇರುತ್ತಿದ್ದವು. ಅವುಗಳ ಕಥೆಯಲ್ಲಿ ಬೇಟೆಗಾರನೊಬ್ಬ ಹೆಣ್ಣುಹುಲಿಯನ್ನು ಕೊಲ್ಲುತ್ತಾನೆ. ನಾಡಿನ ಪದ್ಧತಿಯಂತೆ ಸತ್ತ ಹುಲಿಯ ಪಕ್ಕದಲ್ಲಿ ಮದುಮಗನಾಗಿ ಮಣೆ ಏರುತ್ತಾನೆ. ಆಮೇಲೆ ಪಟ್ಟೆ ಸೀರೆಯುಟ್ಟ ಹೆಣ್ಣೊಬ್ಬಳು ಹೆಂಡತಿಯಾಗಿ ಅವನ ಹೊಸಿಲು ದಾಟಿ ಬರುತ್ತಾಳೆ. ಒಲವೂ ಉಂಟು, ಉಗುರೂ ಉಂಟು. ಕಾನನ ಎಂದರೆ ಪೂವಮ್ಮ ಎಂಬುದು ಅವಳ ಮನೆಯವರಿಗೆ ಮಾತ್ರ ಗೊತ್ತು. ಮೈಸೂರಿನ ಪ್ರಕಾಶಕರು ಲೇಖಕಿಯ ಪರಿಚಯ ಕೇಳಿದಾಗ ಅವಳು ಎರಡೇ ಮಾತು ಬರೆದಿದ್ದಳು: 'ಕೊಡಗಿನವಳು. ಮದುವೆಯಾಗಿಲ್ಲ.'

ಬರೆಯದೆ ಬಿಟ್ಟದ್ದು ಇದು. ಇಪ್ಪತ್ತು ವರ್ಷದ ಹಿಂದೆ, ಅವಳಿಗೆ ಆಗ ಹದಿನಾರು. ನಡುಹಗಲಲ್ಲೇ ಹುಲಿ ಕೊಟ್ಟಿಗೆಗೆ ನುಗ್ಗಿ ಗಬ್ಬದ ಹಸುವಿನ ಗಂಟಲು ಸೀಳಿತು. ಅಡ್ಡ ಹೋದ ಆಳು ಮಾರನ ತೋಳು ಮೂಳೆಸಮೇತ ಕಿತ್ತು ಬಂತು. ಕೋವಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಮೊಣ್ಣಪ್ಪನ ಕೈ ಮರಗಟ್ಟಿತು. ಕೋವಿ ಜಾರಿ ಸಗಣಿಯ ಮೇಲೆ ಬಿತ್ತು. ಪೂವಮ್ಮ ಅದನ್ನು ಎತ್ತಿಕೊಂಡಳು. ಹುಲಿ ಹಾರಿ ಅವಳ ಎಡಭುಜದ ಮಾಂಸ ಬಗೆಯುವಾಗ ನಳಿಗೆ ಅದರ ಬಾಯೊಳಗಿತ್ತು. ಕೋವಿಯ ಕುದುರೆ ಎಳೆದಳು. ತಲೆಯ ಹಿಂಬದಿ ಒಡೆದು ಬಿಸಿ ನೆತ್ತರು ಚಿಮ್ಮಿತು. ಆ ಭಾರ ಅವಳ ಮೈಮೇಲೆಯೇ ಒದ್ದಾಡಿ ಸತ್ತಿತು.

ಊರಿನ ಹಿರಿಯರು ತಲೆ ಕೆರೆದುಕೊಂಡರು. "ಹುಲಿ ಹೆಣ್ಣು, ಹೊಡೆದವಳೂ ಹೆಣ್ಣು. ಮದುವೆ ಹೇಗೆ ಮಾಡೋದು?" ಕೊನೆಗೆ, ಮೊದಲು ಕೋವಿ ಹಿಡಿದವನೇ ಮದುಮಗ ಎಂದು ತೀರ್ಮಾನವಾಯಿತು. ಬಿದಿರಿನ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿದ ಹುಲಿಯ ಪಕ್ಕ ಅಣ್ಣ ಪೇಟ ಸುತ್ತಿ ಕೂತ. ಹೊರಗೆ ವಾಲಗ. ಒಳಗೆ ಪೂವಮ್ಮ ಗಾಯಕ್ಕೆ ಅರಿಸಿನ ತುಂಬಿಸಿಕೊಂಡು ಬಟ್ಟೆ ಕಚ್ಚಿ ಮಲಗಿದ್ದಳು.

ಅಪ್ಪ ಬಂದು ತಲೆ ಸವರಿದರು. "ಮಣೆ ಅವನಿಗೆ ಹೋತು ಮಗಾ. ಕೋವಿ ನಿಂದು. ಬರೋ ಕೈಲ್ ಮುಹೂರ್ತಕ್ಕೆ ಎಲ್ಲರ ಮುಂದೆ ನಾನೇ ಕೊಡ್ತೇನೆ."

ಬಾಗಿಲಲ್ಲಿ ನಿಂತು ಮೊಣ್ಣಪ್ಪ ಅದನ್ನು ಕೇಳಿಸಿಕೊಂಡಿದ್ದ. ಆ ಕೈಲ್ ಮುಹೂರ್ತ ಬರುವುದರೊಳಗೆ ಅಪ್ಪ ತೀರಿಹೋದರು. ಹುಲಿ ಮುಟ್ಟಿದ ಹುಡುಗಿಯೆಂದು ಗಂಡೂ ಬರಲಿಲ್ಲ. ಅವಳ ಎಡಗೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ, ಬಲಗೈ ಬರೆಯತೊಡಗಿತು.

ಈ ವರ್ಷದ ಹಬ್ಬಕ್ಕೆಂದು ಅತ್ತಿಗೆ ಹೊನ್ನಮ್ಮನ ತಮ್ಮ ಉತ್ತಯ್ಯ ಮಡಿಕೇರಿಯಿಂದ ಬಂದಿದ್ದ. ಪುಸ್ತಕ ಬರೆದವರು ಯಾರೆಂದು ಅವನಿಗೆ ತಿಳಿಯದು. ಜಗಲಿಯಲ್ಲಿ ಗಂಡಸರ ನಡುವೆ ಕೂತು ಮೂರನೆಯ ಪುಸ್ತಕ ಬಿಡಿಸಿದ.

"ಭಾವ, ನೀವೂ ಹುಲಿಯ ಗಂಡ ಅಲ್ವಾ? ಇಲ್ಲಿ ಕೇಳಿ. ಅವಳು ಗಂಡನ ಕೈ ಮೂಸಿ ಹೇಳ್ತಾಳೆ, 'ನಿನ್ನ ಕೈಯಲ್ಲಿ ನನ್ನ ನೆತ್ತರಿನ ವಾಸನೆ ಇಲ್ಲ. ನನ್ನನ್ನು ಕೊಂದವರು ಬೇರೆ.' ಎಂಥ, ಒಮ್ಮೆ ಕೈ ಕೊಡಿ, ನಾವೂ ಮೂಸಿ ನೋಡುವ."

ಜಗಲಿಯೆಲ್ಲ ನಕ್ಕಿತು. ಮೊಣ್ಣಪ್ಪನೂ ನಕ್ಕ. ನಗುತ್ತಲೇ ಎದ್ದು ಒಳಗೆ ಹೋದ.

ಪೂವಮ್ಮನ ಕೋಣೆಯಿಂದ ಅವಳು ಬರೆದಿಟ್ಟಿದ್ದ ನಾಲ್ಕನೆಯ ಪುಸ್ತಕದ ಹಾಳೆಗಳನ್ನು ಬಾಚಿ ತಂದು, ಕಡುಬು ಬೇಯುತ್ತಿದ್ದ ಒಲೆಗೆ ತುರುಕಿದ. ಅವಳು ಓಡಿ ಬಂದು ಕೆಂಡದೊಳಗೆ ಕೈ ಹಾಕಿದಳು. ಅವನು ಅವಳ ಜಡೆ ಹಿಡಿದೆಳೆದು ಬಾಯಿಗೆ ಗುದ್ದಿದ. ಹಲ್ಲು ತುಟಿಯನ್ನು ಹೊಕ್ಕು ನೆತ್ತರು ಬಂತು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಸೊಂಟದ ಕತ್ತಿ ಹಿರಿದು ಅವಳ ಕೊರಳಿಗಿಟ್ಟ.

"ಊರೆಲ್ಲ ನನ್ನ ಕೈ ಮೂಸಬೇಕಾ? ಇನ್ನು ಬರೀತೀಯಾ? ಹೇಳು."

ಪೂವಮ್ಮನ ಬಲಗೈಯ ತೊಗಲು ಸುಲಿದು ನೇತಾಡುತ್ತಿತ್ತು. ಕಣ್ಣು ಮುಚ್ಚಿ ಕಾವೇರಮ್ಮನನ್ನು ನೆನೆದಳು. ಭಯವಾಗಲಿಲ್ಲ, ಇದಕ್ಕಿಂತ ದೊಡ್ಡ ಬಾಯಿ ನೋಡಿದವಳು.

"ಸುಡಣ್ಣ. ನಂಗೆ ಬಾಯಿಪಾಠ ಉಟ್ಟು. ಆ ಮಣೆ ಮೇಲೆ ಕೂರಲಿಕ್ಕೆ ನಂಗೆ ಆ ಹಾಳೆ ಬಿಟ್ಟರೆ ಬೇರೆ ಜಾಗ ಇಲ್ಲೆ."

ಕತ್ತಿ ಒತ್ತಿತು. ಕೊರಳ ಮೇಲೆ ಕೆಂಪು ಗೆರೆ ಮೂಡಿತು.

ಕಡುಬಿನ ಪಾತ್ರೆ ಇಳಿಸುತ್ತಿದ್ದ ಹೊನ್ನಮ್ಮ ತಿರುಗಿ ನೋಡದೆಯೇ ಮಾತಾಡಿದಳು. "ಮೂರೂ ಪುಸ್ತಕ ಓದಿದ್ದೇನೆ ನಾನು. ಹುಲಿಗೆ ಸವತಿಯಾಗಿ ಈ ಮನೆಗೆ ಬಂದವಳು. ನಿದ್ದೇಲಿ ನೀವು 'ಕೋವಿ ಬಿತ್ತು, ಕೋವಿ ಬಿತ್ತು' ಅಂತ ನಡುಗುವಾಗ ನಿಮ್ಮ ಕೈ ಹಿಡ್ಕೊಂಡವಳು ಯಾರು? ಅವಳನ್ನ ಕಡಿದ್ರೂ ಆ ನಡುಕ ಹೋಗೋದಿಲ್ಲೆ."

ಮೊಣ್ಣಪ್ಪನ ಕೈ ಮರಗಟ್ಟಿತು. ಕತ್ತಿ ಬೂದಿಯ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಅವನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ.

ಮುಹೂರ್ತಕ್ಕೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಒಂಟಿ ತೋಳಿನ ಮಾರ ಹೊಸಿಲಾಚೆ ಕೂತಿದ್ದ. ಮೊಣ್ಣಪ್ಪ ಕೋವಿಗಳಿಗೆ ಚಂದನ ಹಚ್ಚಿ, ಹೂ ಸಿಕ್ಕಿಸಿ, ಹೆಸರು ಕರೆದು ಕೊಟ್ಟ. ಕೊನೆಗೆ ಒಂದು ಉಳಿಯಿತು. ಅದರ ನಳಿಗೆಯ ಮೇಲೆ ಹುಲಿಯ ಹಲ್ಲಿನ ಗೀರುಗಳು ಇನ್ನೂ ಇದ್ದವು. ಅದನ್ನು ಹಿಡಿದು ಅವನು ಬಹಳ ಹೊತ್ತು ನಿಂತ.

"ಭಾವ, ಬೇಗ. ತೆಂಗಿನಕಾಯಿ ಕಾಯ್ತಾ ಉಟ್ಟು," ಎಂದ ಉತ್ತಯ್ಯ.

ಮೊಣ್ಣಪ್ಪ ಬಾಗಿಲ ಮರೆಯ ಕಡೆ ನಡೆದ. ತಂಗಿಯ ಊದಿದ ತುಟಿಯನ್ನಾಗಲಿ ಬಾಳೆಎಲೆ ಸುತ್ತಿದ ಬಲಗೈಯನ್ನಾಗಲಿ ನೋಡುವ ಧೈರ್ಯ ಅವನ ಕಣ್ಣಿಗಿರಲಿಲ್ಲ. ಪೂವಮ್ಮ ಎಡಗೈ ಚಾಚಿದಳು. ಅದು ಎದೆಯ ಮಟ್ಟಕ್ಕೆ ನಿಂತಿತು. ದೇವರ ಮುಂದೆ ಎಡಗೈಗೆ ಕೊಡಬಾರದೆಂದು ಯಾರೋ ಗೊಣಗಿದರು.

ಅವನು ಬಗ್ಗಿ, ಹೂ ಬೀಳದಂತೆ, ಕೋವಿಯನ್ನು ಆ ಕೈಯಲ್ಲಿಟ್ಟ.