ಎರಡು ಸೀಟಿ

೧೯೮೭ರ ನವೆಂಬರದಲ್ಲಿ ಚಿಕ್ಕೋಡಿಯಲ್ಲಿ ಅಥಣಿ ಮತ್ತು ಕಾಗವಾಡ ತಂಡಗಳ ನಡುವೆ ನಡೆದ ಬಾಸ್ಕೆಟ್‌ಬಾಲ್ ಫೈನಲ್‌ಗೆ ರೆಫರಿಗಳೆಂದು ತವನಪ್ಪ ಮತ್ತು ಭಾವುಸಾಹೇಬರ ಹೆಸರನ್ನೇ ಬರೆದಿದ್ದರು. ಆರು ವರ್ಷದಿಂದ ಇಬ್ಬರೂ ಜೋಡಿಯಾಗಿಯೇ ಮ್ಯಾಚ್ ಆಡಿಸುತ್ತಿದ್ದರು. ತವನಪ್ಪ ಹಾರೂಗೇರಿಯಲ್ಲಿ ಪಿ.ಟಿ. ಮಾಸ್ತರ. ಭಾವುಸಾಹೇಬರು ನಿಪ್ಪಾಣಿಯವರು, ತವನಪ್ಪನ ಅಕ್ಕ ಸಾವಕ್ಕನ ಗಂಡ; ಅವನು ಅವರನ್ನು ಮಾವ ಎಂದೇ ಕರೆಯುತ್ತಿದ್ದ.

ಸಾವಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು. ಎರಡೇ ದಿನದ ಜ್ವರ. ಸುದ್ದಿ ತಿಳಿದು ತವನಪ್ಪ ನಿಪ್ಪಾಣಿ ಮುಟ್ಟುವಷ್ಟರಲ್ಲಿ ದಹನ ಮುಗಿದು, ಜನ ಸ್ನಾನ ಮಾಡಿ ಕುಳಿತಿದ್ದರು. ಅವನು ಅಳಲಿಲ್ಲ, ಜಗಳ ತೆಗೆಯಲಿಲ್ಲ, ಸಿಕ್ಕ ಬಸ್ಸಿಗೆ ಊರಿಗೆ ತಿರುಗಿದ. ಅಂದಿನಿಂದ ಅವನಿಗೆ ಊಟದ ರುಚಿಯೂ ಇಲ್ಲ, ಸಿಟ್ಟೂ ಇಲ್ಲ. ಮಾವನ ಜೊತೆ ಮಾತೂ ಇಲ್ಲ.

ಮ್ಯಾಚಿಗೆ ಮುಂಚೆ ಇಬ್ಬರೂ ಕೂತು ಮಾತಾಡಿಕೊಳ್ಳುವ ರೂಢಿಯಿತ್ತು. ಯಾರು ಯಾವ ಕಡೆ ನೋಡಬೇಕು, ಒಟ್ಟಿಗೆ ಸೀಟಿ ಊದಿದರೆ ತೀರ್ಪು ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಹಾಗೆ ಊದಿದಾಗ ಮುಷ್ಟಿ ಎತ್ತಿ ನಿಂತು ಒಬ್ಬರ ಮುಖ ಒಬ್ಬರು ನೋಡಬೇಕು. ಆಮೇಲೆ ಒಬ್ಬರು ಮಾತ್ರ ತಪ್ಪು ಯಾರದೆಂದು ಕೈಸನ್ನೆ ಮಾಡಬೇಕು. ಅಂದು ಭಾವುಸಾಹೇಬರು ಬೇವಿನ ಮರದಡಿ ಕೂತು ಕಾದರು. ತವನಪ್ಪ ಅಂಕಣದ ಆಚೆ ಬದಿಗೆ ನಿಂತು ಬೂಟಿನ ಲಾಡಿಯನ್ನು ಎರಡು ಸಲ ಬಿಚ್ಚಿ ಕಟ್ಟಿದ.

ಆಟ ಹೇಗೋ ಸಾಗಿತು. ಇನ್ನೊಂದು ನಿಮಿಷ ಉಳಿದಿದ್ದಾಗ ಅಥಣಿಯ ಹುಡುಗ ಚೆಂಡು ಪುಟಿಸುತ್ತ ಬುಟ್ಟಿಯತ್ತ ನುಗ್ಗಿ, ಅಡ್ಡ ನಿಂತಿದ್ದ ಕಾಗವಾಡದವನಿಗೆ ಡಿಕ್ಕಿ ಹೊಡೆದ. ಇಬ್ಬರೂ ಬಿದ್ದರು. ಎರಡೂ ಸೀಟಿ ಕೂಡಿಯೇ ಕೇಳಿದವು. ಬುಟ್ಟಿಯ ಕೆಳಗಿದ್ದ ತವನಪ್ಪ ಸೊಂಟದ ಮೇಲೆ ಕೈ ಇಟ್ಟು ಅಡ್ಡಗಟ್ಟಿದವನ ತಪ್ಪೆಂದು ತೋರಿಸಿದ. ಹಿಂದಿನಿಂದ ಓಡಿಬಂದ ಭಾವುಸಾಹೇಬರು ಅಂಗೈಗೆ ಮುಷ್ಟಿ ಗುದ್ದಿ ನುಗ್ಗಿದವನ ತಪ್ಪೆಂದರು.

ಜನ ಗದ್ದಲವೆಬ್ಬಿಸಿದರು. ಇನ್ನು ಮಾತಾಡದೆ ಗತಿಯಿರಲಿಲ್ಲ. ಇಬ್ಬರೂ ಅಂಕಣದ ನಡುವೆ ಬಂದು ನಿಂತರು.

"ಆಟ ನಿನ್ನ ಕಡೀಗೆ ಬಂದಿತ್ತು. ನೀ ಹೇಳಿದ್ದ ಆಗಲಿ," ಎಂದರು ಭಾವುಸಾಹೇಬರು. "ಏನ್ ನೋಡಿದಿ, ಹೇಳು."

ತವನಪ್ಪನ ಬಾಯಿಂದ ಬಂದದ್ದೇ ಬೇರೆ. "ಅವತ್ತ ನನ್ನ ಹಾದಿ ಯಾಕ ಕಾಯಲಿಲ್ರಿ, ಮಾವಾ?"

ಭಾವುಸಾಹೇಬರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಎಲ್ಲಾರೂ ಹೊತ್ತಾತು ಅಂದ್ರು. ನಾನೂ ಹೂಂ ಅಂದೆ. ನನಗ ಆವಾಗ ಏನೂ ತಿಳೀತಿರಲಿಲ್ಲ, ತವನಪ್ಪಾ."

ಈ ಉತ್ತರ ಕೇಳಿದರೆ ಒಳಗೆ ಏನಾದರೂ ಅಲುಗಾಡೀತೆಂದು ತವನಪ್ಪ ಮೂರು ತಿಂಗಳು ಕಾದಿದ್ದ. ಏನೂ ಅಲುಗಾಡಲಿಲ್ಲ. ಮಾವನ ಕಾಲರಿನ ಗುಂಡಿ ಕಿತ್ತುಹೋಗಿದ್ದು, ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದು ಮಾತ್ರ ಕಣ್ಣಿಗೆ ಬಿತ್ತು.

"ಆ ಹುಡುಗರು ಬಿದ್ದದ್ದನ್ನ ನಾ ನೋಡೇ ಇಲ್ರಿ," ಎಂದ ಅವನು. "ಸಪ್ಪಳಾ ಕೇಳಿ ಊದಿದೆ. ನಿಮ್ಮದ ಖರೆ."

ತೀರ್ಪು ಬದಲಾಯಿತು. ಅಥಣಿಯವರು ಬೈದರು, ಎರಡು ಪಾಯಿಂಟಿನಿಂದ ಸೋತರು.

ಸಂಜೆ ನಿಲ್ದಾಣದಲ್ಲಿ ಹಾರೂಗೇರಿ ಬಸ್ಸಿನ ಕಿಟಕಿಯ ಹತ್ತಿರ ಭಾವುಸಾಹೇಬರು ಬಂದು ನಿಂತರು. "ಉಂಡಿಯೇನು?"

"ಇಲ್ರಿ."

ಅವರು ಹೋಗಿ ಕಾಗದದಲ್ಲಿ ಬಿಸಿ ಮಿರ್ಚಿ ಭಜಿ ಕಟ್ಟಿಸಿ ತಂದುಕೊಟ್ಟರು. ಬಸ್ಸು ಊರು ದಾಟುವವರೆಗೆ ತವನಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆಮೇಲೆ ಒಂದೊಂದಾಗಿ ತಿಂದ. ಖಾರ ಗೊತ್ತಾಗಲಿಲ್ಲ, ಆದರೂ ಎಲ್ಲವನ್ನೂ ತಿಂದು ಮುಗಿಸಿದ.