ಕಿಟಕಿ ಮುಚ್ಚಿ ಮಾಡಿದ ಕಹ್ಕ್

ಅಡುಗೆಮನೆಯ ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಟವೆಲ್ ತುರುಕಿ, ಇನ್ಶಿರಾಹ್ ಕಾದ ತುಪ್ಪವನ್ನು ಹಿಟ್ಟಿನ ಮೇಲೆ ಸುರಿದಳು. ಘಮಲು ಮೂಗಿಗೆ ಅಡರಿದ್ದೇ ತಡ, ಅವಳು ಟವೆಲನ್ನು ಇನ್ನಷ್ಟು ಒಳಕ್ಕೆ ಒತ್ತಿದಳು. ಈ ವಾಸನೆ ಕಿಟಕಿ ಮುಚ್ಚಿದರೆ ಕೇಳೀತೇ? ಈಜಿಪ್ಟಿನ ದುಮ್ಯಾತ್ ಪಟ್ಟಣದ ಈ ಓಣಿಯಲ್ಲಿ ಯಾರು ಮೀನು ಹುರಿದರೂ ಮೇಲಿನ ಮಹಡಿಯವರೆಗೆ ಸುದ್ದಿ. ಇನ್ನು ರಂಜಾನ್ ಹಬ್ಬದ ಕಹ್ಕ್ ಬಿಸ್ಕತ್ತು ಮುಚ್ಚಿಟ್ಟರೆ ಮುಚ್ಚಿಕೊಂಡಿರುತ್ತದೆಯೇ!

ಸಾವಾದ ಮನೆಯಲ್ಲಿ ಆ ವರ್ಷ ಕಹ್ಕ್ ಮಾಡುವುದಿಲ್ಲ. ನೆರೆಯವರೇ ತಟ್ಟೆ ತುಂಬಿ ತಂದುಕೊಡುತ್ತಾರೆ. ಅವಳ ತಮ್ಮ ಶೌಕಿಯ ಹೆಂಡತಿ ಹನಿಯ್ಯಾ ಮಣ್ಣಾಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಆದರೆ ಹನಿಯ್ಯಾಳ ಮಗಳು, ಏಳು ವರ್ಷದ ನವ್ವಾರಾಗೆ ಅದು ಗೊತ್ತಿರಲಿಲ್ಲ. ಮಣ್ಣು ಮಾಡುವ ದಿನ ಮಗುವನ್ನು ಸೋದರಮಾವನ ಹಳ್ಳಿಗೆ ಸಾಗಹಾಕಿದ್ದ ಶೌಕಿ, ಆಮೇಲೆ "ಅಮ್ಮ ಅಲೆಕ್ಸಾಂಡ್ರಿಯಾದ ದೊಡ್ಡಾಸ್ಪತ್ರೇಲಿದ್ದಾಳೆ, ಹಬ್ಬಕ್ಕೆ ಬರ್ತಾಳೆ" ಎಂದುಬಿಟ್ಟಿದ್ದ. ಹೇಳಿದವನು ಕುರ್ಚಿ ಮಂಚಗಳಿಗೆ ಪಾಲಿಶ್ ಹೊಡೆಯುವ ತನ್ನ ಅಂಗಡಿ ಸೇರಿಕೊಂಡ. ಆ ಸುಳ್ಳನ್ನು ದಿನಾ ಸಾಕುವ ಕೆಲಸ ಇನ್ಶಿರಾಹ್‌ಳ ತಲೆಗೆ ಬಂತು.

ಬೆಳಗ್ಗೆಯಿಂದ ಹೊಲಿಗೆ ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ಬಂದರೆ, ಸಂಜೆ ಮಗುವಿನ ಪ್ರಶ್ನೆಗಳು. "ಅಮ್ಮ ಯಾಕೆ ಫೋನ್ ಮಾಡಲ್ಲ?" "ಆಸ್ಪತ್ರೇಲಿ ಫೋನ್ ಬಿಡಲ್ಲ ಕಣೇ." "ಅಮ್ಮನ ಚಪ್ಪಲಿ ಇಲ್ಲೇ ಇದೆಯಲ್ಲ?" "ಅಲ್ಲಿ ಬೇರೆ ಕೊಡ್ತಾರೆ." ಸಾಕಾಗಿತ್ತು. ಹಾಳಾದ್ದು, ಸಾಕುಸಾಕಾಗಿ ಹೋಗಿತ್ತು. ಹಬ್ಬಕ್ಕೆ ಕಹ್ಕ್ ಇಲ್ಲದಿದ್ದರೆ ಮಗು ಯಾಕೆಂದು ಕೇಳುತ್ತದೆ ಎನ್ನುವ ಹೆದರಿಕೆಗೇ ಅವಳು ಉಪವಾಸದ ಕೊನೆಯ ದಿನ, ಒಣಗಿದ ಗಂಟಲಲ್ಲಿ, ಹೀಗೆ ಕಳ್ಳಿಯ ಹಾಗೆ ಹಿಟ್ಟು ನಾದುತ್ತಿದ್ದಳು.

ನವ್ವಾರಾ ನೆಲದ ಮೇಲೆ ಕೂತು, ಅಮ್ಮನ ಹಿತ್ತಾಳೆ ಚಿಮಟದಿಂದ ಉಂಡೆಗಳ ಅಂಚನ್ನು ಚಿವುಟಿ ಹೂವಿನ ಗೆರೆ ಮೂಡಿಸುತ್ತಿದ್ದಳು. ಆಗ ಬಾಗಿಲು ಬಡಿದ ಸದ್ದಾಯಿತು.

ಎದುರು ಮನೆಯ ಫಿಕ್ರಿಯ ತಾಯಿ ಕಹ್ಕ್ ತುಂಬಿದ ತಟ್ಟೆ ಹಿಡಿದು ನಿಂತಿದ್ದಳು. ಮೂಗರಳಿಸಿದಳು. "ಇದೇನೇ ಇದು ವಾಸನೆ? ಕಹ್ಕ್ ಮಾಡ್ತಿದ್ದೀಯಾ? ನಿಂಗೇನು ಬುದ್ಧಿಗಿದ್ಧಿ ಕೆಟ್ಟಿದೆಯಾ ಇನ್ಶಿರಾಹ್? ಆ ಪುಣ್ಯಾತ್ಗಿತ್ತಿ ಹೋಗಿ ಇನ್ನೂ..."

"ಶ್!" ಇನ್ಶಿರಾಹ್ ಒಳಗೆ ಕೈ ತೋರಿಸಿದಳು.

"ಅಯ್ಯೋ, ಮಗೂಗೆ ಇನ್ನೂ ಹೇಳಿಲ್ವಾ?" ಫಿಕ್ರಿಯ ತಾಯಿ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ತಟ್ಟೆಯನ್ನು ಅವಳ ಕೈಗೆ ತುರುಕಿ ಸರಸರ ಹೊರಟುಹೋದಳು.

ತಿರುಗಿ ನೋಡಿದರೆ ನವ್ವಾರಾ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಕಣ್ಣು ತಟ್ಟೆಯ ಮೇಲಿತ್ತು.

"ಅತ್ತೆ, ಅವರು ಯಾಕೆ ನಮಗೆ ಕೊಟ್ರು?"

"ಪ್ರೀತಿಗೆ ಕಣಮ್ಮ."

"ಹೋದ ವರ್ಷ ನನ್ನ ಗೆಳತಿ ರದ್ವಾ ಮನೆಗೆ ನಾನು, ಅಮ್ಮ ಹೀಗೇ ಕೊಟ್ಟು ಬಂದ್ವಿ. ಅವಳ ತಾತ ಸತ್ತಿದ್ರು. ಸತ್ತ ಮನೇಲಿ ಮಾಡಲ್ಲ, ನಾವೇ ಕೊಡಬೇಕು ಅಂತ ಅಮ್ಮ ಹೇಳಿದ್ಲು." ಮಗು ತಲೆಯೆತ್ತಿತು. "ನಮ್ಮನೇಲಿ ಯಾರು ಸತ್ರು?"

ಇನ್ನೊಂದು ಸುಳ್ಳು ಇನ್ಶಿರಾಹ್‌ಳ ನಾಲಿಗೆಯ ತುದಿಗೆ ಬಂದೇ ಬಂತು. ಆದರೆ ಅದನ್ನು ಆಡಲು ಮೈಯಲ್ಲಿ ತ್ರಾಣವಿರಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ನಿಮ್ಮಮ್ಮ, ಕಂದಾ. ಅಮ್ಮ ಸತ್ತುಹೋದ್ಲು. ನಿನ್ನನ್ನ ಮಾವನ ಊರಿಗೆ ಕಳಿಸಿದ್ವಲ್ಲ, ಆವಾಗ. ನಾವು ನಿಂಗೆ ಸುಳ್ಳು ಹೇಳಿದ್ವಿ. ತಪ್ಪು ಮಾಡಿದ್ವಿ."

"ಹಾಗಾದ್ರೆ ಹಬ್ಬಕ್ಕೆ ಬರಲ್ವಾ?"

"ಬರಲ್ಲ. ಇನ್ನು ಯಾವತ್ತೂ ಬರಲ್ಲ."

ನವ್ವಾರಾ ಅಳಲಿಲ್ಲ. ಚಿಮಟವನ್ನು ತೆರೆದಳು, ಮುಚ್ಚಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ, "ಅಮ್ಮ ನೀರು ಕೇಳಿದಾಗ ನಾನು ಕಾರ್ಟೂನ್ ನೋಡ್ತಾ ಏಳಲಿಲ್ಲ. ಅದಕ್ಕೇನಾ ಅತ್ತೆ?" ಎಂದಳು.

ಇನ್ಶಿರಾಹ್ ಮಗುವಿನ ಎರಡೂ ಕೆನ್ನೆ ಹಿಡಿದಳು. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗು ಒಂದೇ ಹಾಸಿಗೆಯಲ್ಲಿ ಅವಳ ಪಕ್ಕವೇ ಮಲಗಿತ್ತು!

"ಛೇ ಛೇ, ಅಲ್ವೇ ಅಲ್ಲ! ಅಮ್ಮಂಗೆ ರಕ್ತದ ಕಾಯಿಲೆ ಇತ್ತು. ದೊಡ್ಡ ದೊಡ್ಡ ಡಾಕ್ಟರ ಕೈಲೂ ಆಗಲಿಲ್ಲ. ನಿನ್ನಿಂದ ಅಲ್ಲ ಚಿನ್ನಾ. ನೀನು ನೂರು ಲೋಟ ನೀರು ಕೊಟ್ಟಿದ್ರೂ ಅದು ವಾಸಿ ಆಗ್ತಿರಲಿಲ್ಲ. ಕೇಳಿಸ್ತಾ?"

ಆಗ ನವ್ವಾರಾಗೆ ಅಳು ಬಂತು. ಹಿಟ್ಟು ಮೆತ್ತಿದ ಕೈಗಳಲ್ಲೇ ಇನ್ಶಿರಾಹ್ ಮಗುವನ್ನು ಅವಚಿಕೊಂಡಳು. ಸುಮ್ಮನಿರು ಎನ್ನಲಿಲ್ಲ. ಇಬ್ಬರೂ ಮನಸಾರೆ ಅತ್ತರು.

ಬಿಕ್ಕು ಇಳಿದ ಮೇಲೆ ನವ್ವಾರಾ ಹಿಟ್ಟಿನತ್ತ ನೋಡಿದಳು. "ಈಗ ಇದನ್ನೇನು ಮಾಡೋದು?"

"ನಾಳೆ ಬೆಳಗ್ಗೆ ಅಮ್ಮನ ಗೋರಿ ಹತ್ರ ಹೋಗೋಣ. ಹಬ್ಬದ ದಿನ ಅಲ್ಲಿ ಎಲ್ರೂ ತಮ್ಮೋರ ಹೆಸರಲ್ಲಿ ಹಂಚ್ತಾರೆ. ನಾವೂ ಅಮ್ಮನ ಹೆಸರಲ್ಲಿ ಹಂಚೋಣ."

"ಸ್ವಲ್ಪ ಕರಕಲಾಗ್ಲಿ ಅತ್ತೆ. ಅಮ್ಮಂಗೆ ಹಾಗೇ ಇಷ್ಟ."

ಇನ್ಶಿರಾಹ್ ಎದ್ದು ಟವೆಲ್ ಕಿತ್ತೆಸೆದು ಕಿಟಕಿ ತೆರೆದಳು. ಓಣಿಯವರು ಏನು ಬೇಕಾದರೂ ಅಂದುಕೊಳ್ಳಲಿ.

ನಾಳೆ ಹಬ್ಬವೆಂದು ಅಂಗಡಿ ಬೇಗ ಮುಚ್ಚಿದ್ದರಿಂದ ಶೌಕಿ ಸೂರ್ಯ ಮುಳುಗುವ ಮೊದಲೇ ಬಂದ. ಮೈಯೆಲ್ಲ ಪಾಲಿಶ್ ವಾಸನೆ. ತೆರೆದ ಕಿಟಕಿಯನ್ನೂ ಮಗಳ ಊದಿದ ಕಣ್ಣನ್ನೂ ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಾ..."

"ಹೇಳಿದೆ ಕಣೋ," ಎಂದಳು ಇನ್ಶಿರಾಹ್.

ಅವನು ಹಿಂದಕ್ಕೆ ತಿರುಗಿ ಹೋಗಿಬಿಡುತ್ತಾನೇನೋ ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ನವ್ವಾರಾ ಪಕ್ಕಕ್ಕೆ ಸರಿದು ನೆಲ ತಟ್ಟಿದಳು. "ಕೈ ತೊಳ್ಕೊಂಡು ಬಾ ಅಪ್ಪ. ನನ್ನ ಬೆರಳು ನೋಯ್ತಿದೆ."

ಶೌಕಿ ಕೈ ತೊಳೆದು ಬಂದು ಕೂತ. ಚಿಮಟ ಎತ್ತಿಕೊಂಡ. ಮೊದಲ ಗೆರೆ ಸೊಟ್ಟಗಾಯಿತು. ನವ್ವಾರಾ ಆ ಸೊಟ್ಟ ಕಹ್ಕನ್ನು ಅವನ ಅಂಗೈಯಿಂದ ಎತ್ತಿಕೊಂಡು, ತಟ್ಟೆಯಲ್ಲಿ ತಾನು ಮಾಡಿದ್ದರ ಪಕ್ಕದಲ್ಲಿಟ್ಟು, ಅವನ ಕೈಗೆ ಇನ್ನೊಂದು ಉಂಡೆ ಕೊಟ್ಟಳು.