ಮೇಷ್ಟ್ರು ನುಂಗಿದ ಮಾತು

ನಲವತ್ತನಾಲ್ಕನೆಯ ಇಸವಿ, ಯುದ್ಧ ನಡೆಯುತ್ತಿದ್ದ ಕಾಲ. ಚನ್ನರಾಯಪಟ್ಟಣದ ಹತ್ತಿರ ಅಮೆರಿಕದ ಮಿಲಿಟರಿ ಲಾರಿಯೊಂದು ಕೆಟ್ಟು ನಿಂತಿತು. ಅದರ ಡ್ರೈವರ್ ವಾಲ್ಟರ್ ಎಂಬ ಕಪ್ಪು ಸಿಪಾಯಿ. ಬೆಂಗಳೂರಿನಿಂದ ರಿಪೇರಿ ಸಾಮಾನು ಬರುವ ತನಕ ಅವನು ಪ್ರವಾಸಿ ಬಂಗಲೆಯಲ್ಲಿ ಉಳಿದ. ಒಂದು ಕಾಲಕ್ಕೆ ಅವನು ಭಾರಿ ಓಟಗಾರನಂತೆ, ಬರೀ ಬಿಳಿಯರೇ ಇದ್ದ ಕಾಲೇಜಿನ ತಂಡಕ್ಕೆ ಸೇರಿದ ಮೊದಲ ಕರಿಯನಂತೆ ಎಂದು ಸುದ್ದಿ ಹಬ್ಬಿತು. ಸ್ಕೂಲು ಕಮಿಟಿಯ ಪರಮಶಿವಯ್ಯನವರು ಅವನಿಂದ ಭಾಷಣ ಮಾಡಿಸಲೇಬೇಕೆಂದರು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಇಂಗ್ಲಿಷ್ ಬಲ್ಲ ಗೌರೀಶಂಕರ ಮೇಷ್ಟ್ರ ಪಾಲಿಗೆ ಬಂತು.

ಬಯಲಲ್ಲಿ ಮಕ್ಕಳು ಕೂತರು, ದೊಡ್ಡವರಿಗೆ ಬೆಂಚು ಹಾಕಿದರು. ಕೇರಿಯವರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲವಾಗಿ ಅವರೆಲ್ಲ ಬೇಲಿಯಾಚೆ ನಿಂತಿದ್ದರು. ಮೆಟ್ಟು ಹೊಲಿಯುವ ತಿಮ್ಮಪ್ಪನೂ ಅಲ್ಲೇ ಇದ್ದ.

ವಾಲ್ಟರ್ ಪಂದ್ಯಗಳ ಕಥೆ ಹೇಳುವಷ್ಟು ಹೊತ್ತೂ ಗೌರೀಶಂಕರನ ಕನ್ನಡ ಸರಾಗವಾಗಿ ಸಾಗಿತು. ಆಮೇಲೆ ವಾಲ್ಟರನ ದನಿ ತಗ್ಗಿತು.

"ನಾನು ಗೆದ್ದ ದಿನ ತಂಡವೆಲ್ಲ ಹೋಟೆಲಿನೊಳಗೆ ಕೂತು ಉಂಡಿತು. ನನಗೆ ಹಿಂಬಾಗಿಲಲ್ಲಿ ತಟ್ಟೆ ಕೊಟ್ಟರು, ನಿಂತೇ ತಿಂದೆ." ಅಂಗೈಯನ್ನು ತಟ್ಟೆಯಂತೆ ಹಿಡಿದು ತೋರಿಸಿದ. "ಮರುವರ್ಷ, ಒಳಗೆ ಕೂರಿಸದಿದ್ದರೆ ಓಡುವುದೇ ಇಲ್ಲ ಎಂದೆ. ಕೂರಿಸಿದರು."

ಗೌರೀಶಂಕರ ಬೆಂಚಿನ ಕಡೆ ನೋಡಿದ. ಎದುರಿಗೆ ಪರಮಶಿವಯ್ಯನವರು ಕಾಲಮೇಲೆ ಕಾಲು ಹಾಕಿ ಕೂತಿದ್ದರು.

"ಗೆದ್ದ ಮೇಲೆ ಇವರಿಗೆ ದೊಡ್ಡ ಹೋಟ್ಲಲ್ಲಿ ಭಾರಿ ಊಟ ಹಾಕಿಸಿದ್ರಂತೆ!" ಎಂದುಬಿಟ್ಟ.

ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾಕೆಂದು ವಾಲ್ಟರನಿಗೆ ಅರ್ಥವಾಗಲಿಲ್ಲ. ಬೇಲಿಯತ್ತ ಕೈ ತೋರಿಸಿ, "ಅವರೇಕೆ ಅಲ್ಲಿ ನಿಂತಿದ್ದಾರೆ?" ಎಂದು ಕೇಳಿದ.

"ಅವರಿಗೆ ಸಂಕೋಚ," ಎಂದ ಗೌರೀಶಂಕರ ಇಂಗ್ಲಿಷಿನಲ್ಲಿ.

ವಾಲ್ಟರ್ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಹೊರಡುವಾಗ ಬೆಂಚಿನವರ ಕೈ ಕುಲುಕಿದ, ಬೇಲಿಯಾಚೆ ಹೋಗಿ ಅಲ್ಲಿದ್ದವರ ಕೈಯನ್ನೂ ಕುಲುಕಿದ. ಗೌರೀಶಂಕರನ ಕೈಯನ್ನು ಮಾತ್ರ ಹಿಡಿಯಲಿಲ್ಲ.

"ಬಲೇ ಚೆನ್ನಾಗಿ ಯೋಳುದ್ರಿ ಕಣ್ರೀ ಮೇಷ್ಟ್ರೇ," ಎಂದು ಪರಮಶಿವಯ್ಯನವರು ಬೆನ್ನು ತಟ್ಟಿದರು. ಗೌರೀಶಂಕರನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಲಾರಿ ಹೋದ ಮೇಲೂ ಅವನಿಗೆ ಅನ್ನ ಸೇರಲಿಲ್ಲ. ಪಾಠ ಹೇಳುವಾಗ ಮಕ್ಕಳು ತಲೆಯೆತ್ತಿ ನೋಡಿದರೂ ಮುಖ ತಿರುಗಿಸುತ್ತಿದ್ದ. ಕೊನೆಗೊಂದು ಭಾನುವಾರ ಕೇರಿಗೆ ಹೋಗಿ, ತಿಮ್ಮಪ್ಪನ ಗುಡಿಸಲ ಮುಂದೆ ನಿಂತು, ಹಿಂಬಾಗಿಲ ತಟ್ಟೆಯ ಮಾತನ್ನು ತಾನು ಮುಚ್ಚಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದ.

ತಿಮ್ಮಪ್ಪ ಹೊಲಿಯುತ್ತಲೇ ಇದ್ದ. "ಅದು ಅವತ್ತೇ ಗೊತ್ತಾಯ್ತು ಬುಡಿ ಸಾ. ಅವ್ರು ಕೈಲಿ ತೋರ್ಸುದ್ರಲ್ಲ. ನಾವೂ ಅಂಗೇ ತಾನೆ ತಿನ್ನದು? ಆಮ್ಯಾಲೆ ಇನ್ನೊಂದು ಮಾತು ಯೋಳುದ್ರು. ಅದೇನು ಅಂತ ತಿಳೀನಿಲ್ಲ."

ಗೌರೀಶಂಕರನಿಗೆ ಆ ಮಾತು ನೆನಪಿಗೇ ಬಂದಿರಲಿಲ್ಲ. ತೊದಲುತ್ತ ಹೇಳಿದ: "ಒಳಗೆ ಕೂರಿಸದಿದ್ರೆ ಓಡಲ್ಲ ಅಂದ್ರಂತೆ. ಕೂರಿಸಿದ್ರಂತೆ."

ತಿಮ್ಮಪ್ಪ ಕೈಯಲ್ಲಿದ್ದ ಮೆಟ್ಟನ್ನು ಕೆಳಗಿಟ್ಟ. ಒಳಕ್ಕೆ ತಿರುಗಿ ಹೆಂಡತಿಯನ್ನು ಕರೆದ. "ಬಾರಮ್ಮಿ ಇಲ್ಲಿ. ಮೇಷ್ಟ್ರು ಇನ್ನೊಂದ್ಸಲ ಯೋಳ್ತಾರೆ, ಕೇಳು."

ಗೌರೀಶಂಕರ ತಲೆಯೆತ್ತದೆ ಮೊದಲಿನಿಂದ ಹೇಳತೊಡಗಿದ.